ಫಿಯಟ್ಟಿನ ಉಸಿರು

"ಬಾಗಿಲಾ ಮೆಲ್ಲಗ ಹಾಕ್ರಿ ಟೀಚರ್, ಅದಕ್ಕ ನನಗಿಂತ ವಯಸ್ಸಾಗೇತಿ," ಎಂದ ಶಂಭುಲಿಂಗ.

ತನುಜಾ ನಗಲಿಲ್ಲ. ಬೂದು ಬಣ್ಣದ ಆ ಹಳೆಯ ಫಿಯಟ್ಟಿನೊಳಗೆ ಕುಳಿತವಳೇ ಮೊದಲು ಮೂಗಿನಿಂದ ಗಾಳಿ ಎಳೆದು ನೋಡಿದಳು. ಪೆಟ್ರೋಲಿನ ವಾಸನೆ ಇರಲಿಲ್ಲ. ಅವನ ಕೈಗಳಿಂದ ನಿಂಬೆಹಣ್ಣಿನ ವಾಸನೆ ಬರುತ್ತಿತ್ತು. ಅವಳಿಗಾಗಿಯೇ ಉಜ್ಜಿ ತೊಳೆದುಕೊಂಡು ಬಂದಿದ್ದ.

ಅವಳ ಅಣ್ಣ ಸಂಜಯ ಪೆಟ್ರೋಲಿನ ಬೆಂಕಿಯಲ್ಲಿ ಹೋದವನು. ಸ್ಕೂಟರಿನ ಪೈಪು ಸೋರುತ್ತಿದೆಯೆಂದು ಬಗ್ಗಿ ನೋಡುವಾಗ ಹೊತ್ತಿಕೊಂಡಿತ್ತು. ಆಮೇಲೆ ಬಸ್ಸೊಂದನ್ನು ಬಿಟ್ಟು ಬೇರೆ ಗಾಡಿ ಹತ್ತಿದವಳಲ್ಲ ಅವಳು. ಅಂಥವಳ ಮನಸ್ಸು ಹೋಗಿ ಹೋಗಿ ಒಲಿದದ್ದು, ಸವಣೂರಿನಲ್ಲಿ ವೀಳ್ಯದೆಲೆಯ ತೋಟ ಮಾಡಿಕೊಂಡು, ಉಳಿದ ಹೊತ್ತೆಲ್ಲ ಅಪ್ಪನ ಕಾಲದ ಕಾರನ್ನು ಬಿಚ್ಚಿ ಜೋಡಿಸುವ ಶಂಭುಲಿಂಗನಿಗೆ.

ಮದುವೆಯ ಮಾತಿಗೆ ಅವಳು ಇನ್ನೂ ಹೂಂ ಅಂದಿರಲಿಲ್ಲ. "ಒಮ್ಮೆ ನಿಮ್ಮ ಗಾಡ್ಯಾಗ ತಿಳವಳ್ಳಿ ತನಕ ಬರ್ತೇನಿ. ನಡುವ ಇಳಿದು ಬಸ್ ಹತ್ತಿದ್ನೆಂದ್ರ, ಅದ ನನ್ನ ಉತ್ತರ," ಅಂದಿದ್ದಳು. ತಿಳವಳ್ಳಿಯಲ್ಲಿ ಅವನ ಅಕ್ಕ ಮಹಾದೇವಕ್ಕ ಹೋಳಿಗೆ ಮಾಡಿಕೊಂಡು ಕಾಯುತ್ತಿದ್ದಳು.

ಹೊರಡುವ ಮೊದಲು ಗಾಡಿಗೆ ವಿಭೂತಿ ಹಚ್ಚುವುದನ್ನು ಅವನು ಅವಳಿಗೇ ಬಿಟ್ಟಿದ್ದ. ಬಾನೆಟ್ಟಿಗೆ ಮೂರು ಗೆರೆ ಎಳೆದಳು. ಹಿಂದೆ ಬಂದು ಟ್ಯಾಂಕಿನ ಮುಚ್ಚಳದೆದುರು ನಿಂತಾಗ ಅಣ್ಣನ ನೆನಪಾಯಿತು. ಕಲಸಿದ್ದ ವಿಭೂತಿಯನ್ನೆಲ್ಲ ಅಲ್ಲಿಯೇ ಮೆತ್ತಿ, ಹೆಬ್ಬೆರಳಿನಿಂದ ಒತ್ತಿ, 'ಇವರನ್ನರ ಉಳಿಸಪ್ಪ' ಎಂದು ಬೇಡಿಕೊಂಡಿದ್ದಳು.

ದಾರಿಯುದ್ದಕ್ಕೂ ಅವನದೇ ಮಾತು. "ಎಲ್ಲಾ ಹೊಸಾದು ಹಾಕೇನ್ರಿ. ಟ್ಯಾಂಕಿನ ಮುಚ್ಚಳ ಮಾತ್ರ ಅಪ್ಪನ ಕಾಲದ್ದು. ಅದರ ನಡುವ ಸೂಜಿ ಮೊನಿಯಷ್ಟು ತೂತು ಐತಿ. ಅದರಾಗಿಂದ ಗಾಳಿ ಒಳಗ ಹೋದ್ರನ ಪೆಟ್ರೋಲ್ ಪಂಪಿಗೆ ಬರ್ತೇತಿ. ಟ್ಯಾಂಕ್ ಉಸಿರಾಡೂದು ಅದರಾಗ."

"ಹೂಂ," ಎಂದಳು. ಅವಳ ಕಣ್ಣು ಬಾನೆಟ್ಟಿನ ಮೇಲಿತ್ತು, ಎಲ್ಲಾದರೂ ಹೊಗೆ ಕಂಡೀತೇ ಎಂದು.

"ಬಾನೆಟ್ ನೋಡಿದಂಗ ಒಮ್ಮೆ ನನ್ನೂ ನೋಡ್ರಲಾ."

ಆಗಷ್ಟೇ ಅವಳ ತುಟಿಯಂಚು ಸಡಿಲಾಯಿತು. ಅದನ್ನು ಕಂಡು ಅವನು ಹಾನಗಲ್ಲು ದಾಟುವವರೆಗೂ ಗುನುಗುತ್ತಲೇ ಇದ್ದ.

ಎರಡೂ ಕಡೆ ಗೋವಿನಜೋಳದ ಹೊಲ. ಗಾಡಿ ಕೆಮ್ಮಿತು, ಮುಗ್ಗರಿಸಿತು, ನಿಂತಿತು.

"ಏನಾತ್ರಿ?"

"ಏನಿಲ್ಲ. ನಿಮ್ಮನ್ನ ನೋಡಿ ನಾಚಿಕೊಂಡೇತಿ."

ಸ್ವಲ್ಪ ತಡೆದು ಚಾಲೂ ಮಾಡಿದರೆ ಹೊರಟಿತು. ಒಂದು ತಿರುವು ದಾಟುವುದರೊಳಗೆ ಮತ್ತೆ ನಿಂತಿತು. ಈ ಸಲ ಅವನೂ ನಗಲಿಲ್ಲ. ಇಳಿದು ಬಾನೆಟ್ ಎತ್ತಿದ.

"ಟ್ಯಾಂಕ್ ತುಂಬೇತಿ, ಆದ್ರ ಪಂಪಿಗೆ ಪೆಟ್ರೋಲ್ ಬರವಲ್ದು. ಹಳೇ ತುಕ್ಕು ಸಿಕ್ಕಿರಬೇಕು. ಪೈಪ್ ಬಿಚ್ಚಿ ಬಾಯಿಲೆ ಜಗ್ಗಬೇಕು."

ಅಣ್ಣನೂ ಹೀಗೆಯೇ ಬಗ್ಗಿದ್ದ. ತನುಜಾ ಗಾಡಿಯಿಂದ ಇಳಿದು ಬಂದಳು. "ಬ್ಯಾಡ್ರಿ. ಇಂಜಿನ್ ಕಾದೇತಿ."

ಅವನು ಅವಳ ಮುಖವನ್ನೊಮ್ಮೆ ನೋಡಿದ. ಹೆಗಲ ಮೇಲಿನ ಟವೆಲ್ಲನ್ನು ಬೇವಿನ ಗಿಡದ ಕೆಳಗಿನ ಕಲ್ಲಿಗೆ ಹಾಸಿದ. ಅವಳು ಕೂಡುವುದರೊಳಗೆ ಹಿರೇಕೆರೂರಿನ ಬಸ್ಸು ಕಾಣಿಸಿತು. ಕೈ ಎತ್ತಿ ನಿಲ್ಲಿಸಿದವನು ಅವನೇ.

"ಹೋಗ್ರಿ ಟೀಚರ್. ನಿಮ್ಮನ್ನ ಅಂಜಿಸಿ ಮನಿ ತುಂಬಿಸ್ಕೊಳ್ಳೂದು ನನಗ ಬ್ಯಾಡ. ಅಕ್ಕಗ ನಾ ಹೇಳ್ತೇನಿ." ಅವಳ ಚೀಲದ ಜೊತೆ, ಅವಳು ದಾರಿಯಲ್ಲಿ ತಿನ್ನಲೆಂದು ಕಟ್ಟಿಸಿಕೊಂಡು ಬಂದಿದ್ದ ಸವಣೂರಿನ ಖಾರದ ಪೊಟ್ಟಣವನ್ನೂ ಕೈಗಿತ್ತ.

"ಲಗೂ ಹತ್ರಿ ಅಕ್ಕಾರ!" ಎಂದ ಕಂಡಕ್ಟರ್. "ಅಣ್ಣಾರ, ಆ ಗಾಡಿಗೆ ಪೆನ್ಷನ್ ಕೊಡ್ರಿ ಇನ್ನ!" ಬಸ್ಸೆಲ್ಲ ನಕ್ಕಿತು.

ತನುಜಾ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು. ಇಟ್ಟು, ತಿರುಗಿ ನೋಡಿದಳು. ಶಂಭುಲಿಂಗ ಆಗಲೇ ಪೈಪು ಬಿಚ್ಚಲು ಪಾನಾ ಹಿಡಿದು ಬಗ್ಗಿದ್ದ. ಫಿಯಟ್ಟಿನ ಹಿಂಬದಿಯಲ್ಲಿ ಮುಚ್ಚಳದ ಮೇಲಿನ ವಿಭೂತಿ ಬಿಸಿಲಿಗೆ ಗಟ್ಟಿಯಾಗಿ, ಸುಣ್ಣದ ಬಿಲ್ಲೆಯಂತೆ ಬೆಳ್ಳಗೆ ಹೊಳೆಯುತ್ತಿತ್ತು.

ಟ್ಯಾಂಕ್ ಉಸಿರಾಡೂದು ಅದರಾಗ.

"ಪೈಪ್ ಮುಟ್ಟಬ್ಯಾಡ್ರೀ!"

ಓಡಿದಳು. ಯಾವುದರ ಹತ್ತಿರವೂ ಸುಳಿಯಬಾರದೆಂದುಕೊಂಡಿದ್ದಳೋ ಆ ಮುಚ್ಚಳವನ್ನೇ ಎರಡೂ ಕೈಯಿಂದ ಹಿಡಿದು ತಿರುವಿದಳು. ಟ್ಯಾಂಕು ಹಿಸ್ಸೆಂದು ದೊಡ್ಡ ಗುಟುಕು ಗಾಳಿ ಕುಡಿಯಿತು. ಪೆಟ್ರೋಲಿನ ವಾಸನೆ ಮುಖಕ್ಕೆ ರಾಚಿತು. ಆದರೂ ಮುಚ್ಚಳ ಬಿಡಲಿಲ್ಲ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ತೂತಿನಲ್ಲಿ ಕೂತಿದ್ದ ವಿಭೂತಿಯನ್ನು ಚುಚ್ಚಿ ಚುಚ್ಚಿ ಬಿಡಿಸಿದಳು.

"ನಾನ ಮೆತ್ತಿದ್ದು," ಎಂದಳು. "ನಿಮಗೇನೂ ಆಗಬಾರದಂತ..."

ಶಂಭುಲಿಂಗ ಮುಚ್ಚಳ ನೋಡಿದ, ವಿಭೂತಿ ಮೆತ್ತಿದ ಅವಳ ಬೆರಳು ನೋಡಿದ. "ನನ್ನ ಮ್ಯಾಲೆ ಇಷ್ಟು ದಪ್ಪ ಜೀವ ಐತಿ ಅಂತ ಗೊತ್ತಿರಲಿಲ್ಲ ಬಿಡ್ರಿ," ಎಂದ. ನಗಲು ಹೋದವನ ಕಣ್ಣು ತುಂಬಿತ್ತು.

"ಅಕ್ಕಾರ, ಹತ್ತತೀರೋ ಇಲ್ಲೋ?"

"ನೀವು ನಡೀರಿ ಅಣ್ಣಾರ. ನಮ್ಮ ಗಾಡಿ ಐತಿ."

ಬಸ್ಸು ಹೋಯಿತು. ಅವನು ಪಂಪಿನ ಕಡ್ಡಿಯನ್ನು ಕೈಯಿಂದ ಒತ್ತುತ್ತ ಹೋದ. ಪಂಪಿನ ಗಾಜಿನ ಬಟ್ಟಲು ನಿಧಾನವಾಗಿ ತುಂಬಿತು. ಕೀಲಿ ತಿರುವಿದೊಡನೆ ಇಂಜಿನ್ ಗುಡುಗಿತು, ಹಾಗೆಯೇ ಓಡತೊಡಗಿತು.

ಅವನು ಅರ್ಧ ನಿಂಬೆಹಣ್ಣು, ನೀರಿನ ಬಾಟಲಿ ಚಾಚಿದ. "ಕೈ ತೊಳ್ಕೋರಿ. ವಾಸನಿ."

"ಇರ್ಲಿ."

"ಅಂಜಿಕಿ ಹೋತೇನ್ರಿ?"

"ಎಲ್ಲಿ ಹೋಗ್ತೇತಿ? ನೀವು ಬಾನೆಟ್ ಎತ್ತಿದಾಗೊಮ್ಮೆ ಅಂಜತೇನಿ." ತನುಜಾ ಅವನ ಪಕ್ಕದ ಸೀಟಿನಲ್ಲಿ ಕುಳಿತಳು. "ಅಂಜಕೋತನ ನಿಮ್ಮ ಜೋಡಿ ಇರ್ತೇನಿ. ನಡೀರಿ, ಅಕ್ಕನ ಹೋಳಿಗಿ ಆರ್ತಾವು."

ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು.