ಸೊನ್ನೆಗೆ ತರದ ಮುಳ್ಳು

ಕಬ್ಬಿಣದ ರಾಡು ಮೊದಲು ಬಿದ್ದದ್ದು ಗಂಜಿಯ ಪಾತ್ರೆಗೆ. ಎರಡನೆಯ ಏಟು ಗೋಡೆಯ ಗಡಿಯಾರಕ್ಕೆ. ಮೂರನೆಯದು ತನ್ನ ತಲೆಗೇ ಎಂದು ಟೀಚರಮ್ಮನಿಗೆ ಗೊತ್ತಾಯಿತು.

ಎಳೆಮಕ್ಕಳಿಗೆ ಏನು, ಎಷ್ಟು, ಹೇಗೆ ತಿನ್ನಿಸಬೇಕೆಂದು ಆಕೆ ಎರಡು ವರ್ಷದಿಂದ ಪಾಠ ಹೇಳುತ್ತಿದ್ದ ಕೋಣೆ ಅದು. ಮಧ್ಯಾಹ್ನದ ಪಾಠಕ್ಕೆ ಬಂದಿದ್ದ ತಾಯಂದಿರು ಮಕ್ಕಳನ್ನು ಅವುಚಿಕೊಂಡು ಬೆಂಚಿನ ಹಿಂದೆ ಸರಿದರು. ರಾಡು ಹಿಡಿದವನು ಲಾರಿ ಮೆಕ್ಯಾನಿಕ್. ಬಾಗಿಲಲ್ಲಿ ಅವನ ಹೆಂಡತಿ. ಸೊಂಟದಲ್ಲಿ ಒಂಬತ್ತು ತಿಂಗಳ ಮಗು, ಅವಳ ಕೆನ್ನೆಯ ಮೇಲೆ ಐದು ಬೆರಳಿನ ಗುರುತು.

"ನೀನೇ ನೀರು ಗಂಜಿ ಬೇಡ, ಚಮಚ ಓರೆ ಮಾಡಿದ್ರೂ ಜಾರದಷ್ಟು ಗಟ್ಟಿ ಇರ್ಲಿ ಅಂದೆ. ಬೇಳೆ ಅಂದೆ, ಮೊಟ್ಟೆ ಅಂದೆ. ಎಲ್ಲಾ ನಾನು ತಂದು ಹಾಕಿದೆ. ಈಗ ಮಗು ಇಳಿದಿದೆ ಅಂತ ಬರೆದು ಕಳಿಸ್ತೀಯಾ? ಇವತ್ತಿಗೆ ನಿನ್ನ ಪಾಠ ಮುಗೀತು."

ಬರೆದದ್ದು ನಿಜ. ಬೆಳಿಗ್ಗೆ ತೂಕದ ಮುಳ್ಳು ಹೋದ ತಿಂಗಳಿಗಿಂತ ಇನ್ನೂರು ಗ್ರಾಂ ಕಡಿಮೆ ತೋರಿಸಿತ್ತು. ನಾನು ಹೇಳಿದ್ದು ನಿನ್ನ ಕಿವಿಗೆ ಬಿದ್ದೇ ಇಲ್ಲ ಎಂದು ಆಕೆ ಆ ತಾಯಿಯನ್ನು ಎಲ್ಲರೆದುರು ಬೈದು ಕಳಿಸಿದ್ದಳು. ಆ ಬೈಗುಳ ಮನೆ ಮುಟ್ಟಿ ಏಟಾಗಿತ್ತು.

ರಾಡು ಎದ್ದಿತು. ಇಳಿದದ್ದು ಮಾತ್ರ ನಡುವೆ ನುಗ್ಗಿದ ತೂಕದವನ ಭುಜದ ಮೇಲೆ.

ಮಕ್ಕಳನ್ನು ತಕ್ಕಡಿಗೆ ನೇತುಹಾಕಿದ ಜೋಲಿಯಲ್ಲಿ ಕೂರಿಸಿ ತೂಗುವುದು ಅವನ ಕೆಲಸ. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಜಾತಿ. ಎಂಟು ತಿಂಗಳಿಂದ ಮುಳ್ಳನ್ನು ಒಮ್ಮೆ ನೋಡಿದರೆ ಟೀಚರಮ್ಮನನ್ನು ಎರಡು ಸಲ ನೋಡುತ್ತಿದ್ದ. ಆಕೆಗೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಕಾಗದ ತಿರುವುತ್ತಿದ್ದಳು.

ಮೂಳೆ ಲಟಕ್ಕೆಂದದ್ದು ಕೋಣೆಗೆಲ್ಲ ಕೇಳಿಸಿತು. ಬಿದ್ದವನು ಎದ್ದ. ಇನ್ನೊಂದು ಏಟಿಗೆ ತುಟಿ ಒಡೆಯಿತು. ಮತ್ತೆ ಎದ್ದ.

"ಹೊಡಿ ಅಣ್ಣ, ನನಗೇ ಹೊಡಿ. ಮಗು ಇಳಿದಿಲ್ಲ. ತಪ್ಪು ನಂದು."

"ನನ್ನ ಉಳಿಸೋಕೆ ಸುಳ್ಳು ಹೇಳ್ಬೇಡಿ," ಎಂದಳು ಟೀಚರಮ್ಮ.

"ಸುಳ್ಳಲ್ಲ. ಖಾಲಿ ಜೋಲಿ ನೋಡಿ, ಮುಳ್ಳು ಸೊನ್ನೆಗಿಂತ ಕೆಳಗಿದೆ. ನಾನೂ ಈಗ್ಲೇ ನೋಡಿದ್ದು. ಹಳೇ ಜೋಲಿ ಮಕ್ಕಳಿಗೆ ಚುಚ್ಚುತ್ತೆ ಅಂದಿದ್ರಲ್ಲ, ಮೆತ್ತನೆ ಬಟ್ಟೇಲಿ ನಾನೇ ಹೊಸದು ಹೊಲಿದೆ. ಬೆಳಿಗ್ಗೆ ಹಾಕಿದಾಗ ನೀವು ನಕ್ರಿ. ಆ ನಗು ನೋಡ್ತಾ ಮುಳ್ಳನ್ನ ಸೊನ್ನೆಗೆ ತರೋದೇ ಮರೆತೆ. ಇದು ಹಳೇದಕ್ಕಿಂತ ಅರ್ಧ ಕೇಜಿ ಹಗುರ, ಎಲ್ಲಾ ಮಕ್ಕಳ ತೂಕವೂ ಅಷ್ಟು ಕಡಿಮೆ ಬಂದಿದೆ."

ಆಕೆಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಮುಳ್ಳು ತಿರುಗಿಸಿ ಸೊನ್ನೆಗೆ ತಂದು, ಮಗುವನ್ನು ಜೋಲಿಗೆ ಹಾಕಿದಳು. ಹೋದ ತಿಂಗಳಿಗಿಂತ ಮುನ್ನೂರು ಗ್ರಾಂ ಹೆಚ್ಚು.

"ನಿನ್ನ ಬೈದಿದ್ದು ನನ್ನ ತಪ್ಪು, ತಂಗಿ," ಎಂದಳು ಎಲ್ಲರೆದುರೇ.

ಮೆಕ್ಯಾನಿಕ್ಕಿನ ರಾಡು ಕೆಳಗಿಳಿಯಿತು. ಹೆಂಡತಿ ಮಗುವನ್ನು ಎತ್ತಿಕೊಂಡು ಅವನ ಕಡೆ ತಿರುಗಿದಳು. "ತಕ್ಕಡಿ ತಪ್ಪಿದ್ದು ಹೌದು. ಕೆನ್ನೆಗೆ ಬಿದ್ದಿದ್ದು ನಿಮ್ಮ ಕೈ. ನಾನು ಅಮ್ಮನ ಮನೆಗೆ ಹೋಗ್ತೀನಿ. ಪಾಠಕ್ಕೆ ಅಲ್ಲಿಂದ್ಲೇ ಬರ್ತೀನಿ." ಅವನು ದಾರಿ ಬಿಟ್ಟ.

ಟೀಚರಮ್ಮ ತನ್ನ ಏಪ್ರನ್ ಹರಿದು ತೂಕದವನ ತೋಳನ್ನು ಎದೆಗೆ ಬಿಗಿದಳು. ಸ್ವಲ್ಪ ಜೋರಾಗಿಯೇ.

"ಎಂಟು ತಿಂಗಳು ಬಾಯಿ ಬಿಡ್ದೆ, ಇವತ್ತು ಇಷ್ಟು ಜನರೆದುರು ಹೇಳ್ಬೇಕಿತ್ತಾ?"

"ಹೇಳ್ದೆ ಇದ್ದಿದ್ರೆ ನಿಮ್ಮ ಪಾಠ ನಿಲ್ತಿತ್ತು."

"ಬೆಳಿಗ್ಗೆ ಹದಿನಾಲ್ಕು ಮಕ್ಕಳನ್ನ ತೂಗಿದೀವಿ. ಯಾವ ಮನೇಲಿ ಯಾರಿಗೆ ಏಟು ಬಿದ್ದಿದೆಯೋ. ಇವತ್ತೇ ಹೋಗಿ ಹೇಳ್ಬೇಕು."

"ಹೋಗ್ತೀನಿ."

"ಮೊದಲು ಮೂಳೆ ಡಾಕ್ಟ್ರು. ಒಬ್ರೇ ಹೋದ್ರೆ ಇನ್ನೊಂದು ಭುಜವೂ ಉಳಿಯಲ್ಲ, ನಾನೂ ಬರ್ತೀನಿ."

"ಎಲ್ಲಾ ಮನೆಗೂನಾ?"

"ಎಲ್ಲಾ ಮನೆಗೂ. ಕೊನೆಗೆ ನಿಮ್ಮ ಮನೆಗೂ. ಮಗನ ಕೈ ಯಾರಿಗೋಸ್ಕರ ಮುರೀತು ಅಂತ ನಿಮ್ಮಮ್ಮನಿಗೆ ನಾನೇ ಹೇಳ್ತೀನಿ."

ಅವನು ನಗಲು ಹೋದ. ತುಟಿಯಿಂದ ಮತ್ತೆ ರಕ್ತ ಬಂತು. ಆಕೆ ಹೆಬ್ಬೆರಳಿನಿಂದ ಒರೆಸಿದಳು. ತಾಯಂದಿರೆಲ್ಲ ನೋಡುತ್ತಿದ್ದರೂ ಕೈ ತೆಗೆಯಲಿಲ್ಲ.