ಗಾಳಿ ಕೇಳುತ್ತಿದ್ದ ಪೈಲಟ್

ದಿಲ್ಲಿಯ ವಿಮಾನ ಬೇಸಿಗೆಯ ಧೂಳನ್ನು ಸೀಳಿಕೊಂಡು ಬಂದು ವಿಜಯಪುರದ ರನ್‌ವೇಯ ನಡುಗೆರೆಯ ಮೇಲೆಯೇ ಕೂತಿತು. ಗೇಣುದ್ದವೂ ಆಚೀಚೆ ಆಗಲಿಲ್ಲ. ಇಷ್ಟು ವರ್ಷ ವಿಮಾನಗಳಿಗೆ ದಿಕ್ಕು ತೋರುತ್ತಿದ್ದ ರೇಡಿಯೊ ಗೋಪುರಗಳು ಅಂದು ಬೆಳಿಗ್ಗೆಯೇ ಬಂದ್ ಆಗಿದ್ದವು. ಪೈಲಟ್ ಯಾರನ್ನೂ ಏನೂ ಕೇಳಲಿಲ್ಲ. ಟವರಿನಿಂದ ಯಾರೂ ಏನೂ ಹೇಳಲಿಲ್ಲ.

ಇದೆಲ್ಲ ಅಣುಸಾರಥಿಯ ಕೆಲಸ. ನೋಡಿದರೆ ರೊಟ್ಟಿ ಬುಟ್ಟಿಯಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಲೇಸರ್ ಬೆಳಕಿನಿಂದ ತಣ್ಣಗಾಗಿಸಿದ ಒಂದಷ್ಟು ಪರಮಾಣುಗಳು. ವಿಮಾನ ಕೂದಲೆಳೆಯಷ್ಟು ವಾಲಿದರೂ ಅವಕ್ಕೆ ತಿಳಿಯುತ್ತದೆ. ಹೊರಟಲ್ಲಿಂದ ಆದ ಪ್ರತಿಯೊಂದು ಚಲನೆಯನ್ನೂ ಕೂಡಿಸಿಕೊಂಡು, ವಿಮಾನ ಈಗ ಎಲ್ಲಿದೆಯೆಂದು ಪೆಟ್ಟಿಗೆ ತಾನೇ ಹೇಳುತ್ತದೆ. ಇಳಿಯಲು ಅಪ್ಪಣೆ, ಗಾಳಿಯ ವೇಗ ಎಲ್ಲವೂ ನೆಲದ ಕಂಪ್ಯೂಟರಿನಿಂದ ಪೈಲಟ್‌ನ ಪರದೆಯ ಮೇಲೆ ತಾವಾಗಿ ಮೂಡುತ್ತವೆ.

"ನೋಡಿದ್ರೇನ್ರಿ ಮೇಡಂ, ಇನ್ನ ಯಾರೂ ಯಾರಿಗೂ ದಾರಿ ಕೇಳೂದ ಬ್ಯಾಡ" ಎಂದರು ಅದನ್ನು ಕಂಡುಹಿಡಿದ ಡಾ. ನಿಸಾರ್ ಬಾಗವಾನ್. ಮಗಳ ಮದುವೆ ಮುಗಿಸಿದವರ ಹಾಗೆ ಕುರ್ಚಿಗೆ ಒರಗಿ ಕೂತಿದ್ದರು.

"ಚಲೋ ಆತ್ರಿ ಸರ್" ಎಂದಳು ಭೂಮಿಕಾ ಇಟಗಿ. ಆ ಟವರಿನಲ್ಲಿ ಮೈಕು ಹಿಡಿದೇ ತಲೆಗೂದಲು ನರೆಸಿಕೊಂಡವಳು ಅವಳು. ಬಾಯಲ್ಲಿ ಚಲೋ ಆತು ಎಂದಳೇ ಹೊರತು ಅವಳಿಗೆ ಅದು ಚಲೋ ಅನಿಸಿರಲಿಲ್ಲ.

ಕಾರಣ, ಸಂಜೆಯ ಸರಕು ವಿಮಾನದ ಪೈಲಟ್. ಎಂಟು ವರ್ಷಗಳಿಂದ ಆತನ ಧ್ವನಿ ಕೇಳುತ್ತಿದ್ದಳು. ಹೆಸರು ಗೊತ್ತಿಲ್ಲ, ಮುಖ ಕಂಡಿಲ್ಲ. ರೇಡಿಯೊದಲ್ಲಿ ವಿಮಾನಕ್ಕೆ ಹೆಸರುಂಟು, ಮನುಷ್ಯರಿಗಿಲ್ಲ. ಆಡುವುದೆಲ್ಲ ಇಂಗ್ಲಿಷಿನಲ್ಲಿ, ಅಳೆದು ಕೊಟ್ಟ ಪದಗಳಲ್ಲಿ, ಆಡಿದ್ದೆಲ್ಲ ದಾಖಲಾಗುತ್ತದೆ. ಕೊನೆಗೆ ಆತ ಹೇಳುತ್ತಿದ್ದ "ನಮಸ್ಕಾರ್ರಿ" ಒಂದರಿಂದಲೇ ಈ ಕಡೆಯವನೆಂದು ಅವಳಿಗೆ ಗೊತ್ತಾಗಿತ್ತು.

ಆತನಿಗೊಂದು ಚಟವಿತ್ತು. ಇಳಿಯುವ ಮುಂಚೆ, ತನ್ನೆದುರಿನ ಪರದೆಯಲ್ಲೇ ಕಾಣುವ ಗಾಳಿಯ ವೇಗವನ್ನು ಟವರಿಗೆ ಇನ್ನೊಮ್ಮೆ ಕೇಳುತ್ತಿದ್ದ. ಕೇಳುವುದು ಪೈಲಟ್‌ನ ಹಕ್ಕು, ಹೇಳುವುದು ಅವಳ ಕೆಲಸ, ನಿಯಮದ ಅಡ್ಡಿಯಿಲ್ಲ. ಎಲೆ ಅಲ್ಲಾಡದ ದಿನವೂ ಕೇಳುತ್ತಿದ್ದ. ಗಾಳಿಯೇ ಇಲ್ಲ ಎಂಬಷ್ಟನ್ನು ಅವಳು ಆದಷ್ಟು ನಿಧಾನವಾಗಿ ಹೇಳುತ್ತಿದ್ದಳು. ಆ ಎರಡು ಮಾತಿಗಾಗಿ ಸಂಜೆ ಪಾಳಿಯನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ವಿಮಾನ ಕಂಪನಿಗೊಂದು ಫೋನ್ ಮಾಡಿದ್ದರೆ ಹೆಸರು ಸಿಗುತ್ತಿತ್ತು. ನಾಳೆ ಮತ್ತೆ ಬರುತ್ತಾನಲ್ಲ ಎಂದು ಎಂಟು ವರ್ಷ ತಳ್ಳಿದಳು, ಪುಣ್ಯಾತ್ಗಿತ್ತಿ. ಆತನೂ ಅಷ್ಟೇ ಧೈರ್ಯವಂತ.

ಮೈಕು ನಿಲ್ಲುವ ಹಿಂದಿನ ಸಂಜೆ ಆತ ಮೂರು ಸಲ ಗಾಳಿ ಕೇಳಿದ್ದ. ಅವಳು ಮೂರು ಸಲವೂ ಹೇಳಿದ್ದಳು. ನಿಜವಾಗಿ ಹೇಳಬೇಕಾಗಿದ್ದಕ್ಕೆ ನಿಯಮದಲ್ಲಿ ಪದವಿರಲಿಲ್ಲ.

"ಸರ್, ಪೈಲಟ್‌ಗೆ ಏನರ ಕೇಳಬೇಕು ಅನಿಸಿದ್ರ?" ಎಂದಳು ಈಗ.

"ಕೇಳೂ ಜರೂರೇ ಬೀಳೂದಿಲ್ಲಲ್ರಿ. ಕೇಳೂಕಿಂತ ಮೊದಲ ಉತ್ತರ ಬಂದಿರತೈತಿ. ಅಪಾಯ ಆದ್ರ ಮಾತ್ರ ಮೈಕ್ ಚಾಲೂ."

"ಮಂದಿ ಬರೇ ಉತ್ತರಕ್ಕಂತ ಕೇಳತಾರೇನ್ರಿ?"

"ಮತ್ತ ಯಾತಕ್ಕ ಕೇಳತಾರ್ರಿ?" ಬಾಗವಾನ್ ನಿಜವಾಗಿಯೂ ತಿಳಿಯದೆ ಕೇಳಿದರು. ಒಳ್ಳೆಯ ಮನುಷ್ಯ.

ಸಂಜೆ ಸರಕು ವಿಮಾನ ಹೊತ್ತಿಗೆ ಸರಿಯಾಗಿ ಬಂತು. ಗಾಳಿ ಜೋರಾಗಿತ್ತು. ಮೈಕಿನ ಗುಂಡಿಯ ಮೇಲೆ ಅವಳ ಬೆರಳು ಇತ್ತು, ಒತ್ತಿದರೂ ಪ್ರಯೋಜನವಿರಲಿಲ್ಲ. ವಿಮಾನ ನಡುಗೆರೆಯ ಮೇಲೆ ಇಳಿಯಿತು, ತಿರುಗಿತು, ನಿಂತಿತು. ಅವಳು ಕುರ್ಚಿಯನ್ನು ಜೊತೆಯವರಿಗೆ ಒಪ್ಪಿಸಿ, ಇಷ್ಟು ವರ್ಷ ಒಮ್ಮೆಯೂ ಮಾಡದ ಕೆಲಸ ಮಾಡಿದಳು. ಮೆಟ್ಟಿಲಿಳಿದು, ಪೈಲಟ್‌ಗಳು ಹೊರಬರುವ ಬಾಗಿಲಲ್ಲಿ ಹೋಗಿ ನಿಂತಳು.

ಆ ಹೊತ್ತಿಗೆ ಮೂರು ವಿಮಾನ ಬಂದಿದ್ದವು. ಒಂದೇ ಬಗೆಯ ಬಿಳಿ ಅಂಗಿ ತೊಟ್ಟ ಐದಾರು ಮಂದಿ ಒಟ್ಟಿಗೆ ಬಂದರು. ಯಾರಾದರೂ ಒಂದು ಮಾತಾಡಿದ್ದರೆ ಸಾಕು, ಗುರುತು ಹಿಡಿಯುತ್ತಿದ್ದಳು. ಯಾರೂ ಮಾತಾಡಲಿಲ್ಲ. ಎಲ್ಲರ ಕಿವಿಯಲ್ಲೂ ಕಡಲೆಕಾಳಿನಷ್ಟು ಯಂತ್ರ. ಕಾರು ಎಲ್ಲಿದೆ, ಕೋಣೆ ಯಾವುದು, ಊಟ ಎಲ್ಲಿ ಎಂದು ಅದು ಹೊರಗಿನ ಸದ್ದು ಒಳಬಿಡದೆ ಹೇಳುತ್ತಿತ್ತು.

ಎಂಟು ವರ್ಷದ ಧೈರ್ಯವನ್ನೆಲ್ಲ ಒಟ್ಟುಮಾಡಿ ಅವಳು ಗಟ್ಟಿಯಾಗಿ ಹೇಳಿದಳು: "ನಾ ಟವರಿನಾಕಿರಿ. ದಿನಾ ಸಂಜೀಕ ನಿಮ್ಮ ಜೋಡಿ ಮಾತಾಡಾಕಿ."

ತಲೆ ನರೆತ ಒಬ್ಬಾತ ಅವಳ ತುಟಿ ಆಡಿದ್ದನ್ನು ಕಂಡು ನಿಂತ. ದಾರಿ ತೋರಿಸಲು ಬಂದ ಸಿಬ್ಬಂದಿಯೆಂದು ತಿಳಿದನೇನೋ, ಬೇಡವೆಂಬಂತೆ ನಕ್ಕು ತನ್ನ ಕಿವಿಯತ್ತ ಬೆರಳು ತೋರಿಸಿ, ತಲೆಬಾಗಿಸಿ ಮುಂದೆ ನಡೆದ.

ಅವನೇ ಇರಬಹುದು, ಅಲ್ಲದೆಯೂ ಇರಬಹುದು. ಕಿವಿಯಲ್ಲಿದ್ದುದನ್ನು ಆತ ಒಂದು ಗಳಿಗೆ ತೆಗೆದಿದ್ದರೆ ಇಬ್ಬರಿಗೂ ತಿಳಿಯುತ್ತಿತ್ತು.