ಮುಂದೆ ಕೂತವರು ಹಿಂದೆ ತಿರುಗಬಾರದು

“ನಿಮ್ಮಜ್ಜಿ ಹುಟ್ಟೇ ಹಾಕ್ಲಿಲ್ಲ!” ಟ್ರೆವರ್ ದಡಕ್ಕೆ ಹಾರುತ್ತಲೇ ಕೂಗಿದ.

ವಿನ್ನಿ ಲೈಫ್ ಜಾಕೆಟ್ ಬಿಚ್ಚುತ್ತಿದ್ದಳು. “ಸೋತವರು ಹೀಗೇ ಹೇಳೋದು.”

“ನಿಜ ಕಣೇ. ನಿಮ್ಮ ಹಿಂದೇನೇ ಇದ್ವಲ್ಲ, ನಾನೇ ನೋಡ್ದೆ. ಹುಟ್ಟನ್ನ ನೀರಿಗೆ ಇಳಿಬಿಟ್ಕೊಂಡು ಆರಾಮಾಗಿ ಕೂತಿದ್ರು.”

“ನಿಮ್ಮ ಗಸ್ ಮಾವ ಏನು ಮಾಡ್ತಿದ್ರು?”

ಟ್ರೆವರ್ ತಿರುಗಿ ನೋಡಿದ. ಗಸ್ ಮಾವ ದೋಣಿಯಿಂದ ಇಳಿಯಲು ನೋಡುತ್ತಿದ್ದ. ದೋಣಿ ಒಪ್ಪುತ್ತಿರಲಿಲ್ಲ.

ಅಡಿರಾಂಡಾಕ್ ಬೆಟ್ಟಗಳ ನಡುವಿನ ಆ ಸರೋವರದಲ್ಲಿ ಬರುವ ಶನಿವಾರ ದೋಣಿ ರೇಸ್, ಇವತ್ತಿನದು ಬರೀ ಪ್ರಾಕ್ಟೀಸ್. ಒಂದು ದೋಣಿಗೆ ಇಬ್ಬರು. ಚಿಕ್ಕವರು ಮುಂದೆ, ದೊಡ್ಡವರು ಹಿಂದೆ. ದೋಣಿ ಅಡ್ಡ ಹೋಗದಂತೆ ನೋಡಿಕೊಳ್ಳುವುದು ಹಿಂದೆ ಕೂತವರ ಕೆಲಸ. ಮುಂದೆ ಕೂತವರು ಹಿಂದೆ ತಿರುಗಬಾರದು, ತಿರುಗಿದರೆ ದೋಣಿ ಅಲುಗುತ್ತದೆ. ಇದು ಲೋರ್ನಾ ಅಜ್ಜಿಯ ರೂಲ್. ಅಜ್ಜಿಗೆ ಹೆಚ್ಚು ರೂಲ್‌ಗಳಿರಲಿಲ್ಲ. ಇದ್ದವನ್ನು ದಿನಾ ಹೇಳುತ್ತಿದ್ದರು.

ಅಮ್ಮನದೂ ಒಂದು ರೂಲ್ ಇತ್ತು. ಚಳಿಗಾಲದಲ್ಲಿ ಅಜ್ಜಿ ಮಂಜುಗಡ್ಡೆಯ ಮೇಲೆ ಜಾರಿ ಬಲಭುಜ ಮುರಿದುಕೊಂಡಿದ್ದರು. “ನೋವು ಮತ್ತೆ ಬಂತೋ, ದೋಣಿ ಗ್ಯಾರೇಜಿಗೆ. ರೇಸೂ ಇಲ್ಲ, ಏನೂ ಇಲ್ಲ,” ಎಂದಿದ್ದಳು ಅಮ್ಮ.

“ಎಲ್ಲಿಯ ನೋವು?” ಎಂದು ಅಜ್ಜಿ ಪ್ಯಾನ್‌ಕೇಕ್ ಮೇಲೆ ಮೇಪಲ್ ಸಿರಪ್ ಸುರಿದುಕೊಂಡಿದ್ದರು. ಎಡಗೈಯಲ್ಲಿ.

ಈಗ ಅಜ್ಜಿ ದಡಕ್ಕೆ ಬಂದು ದೋಣಿಯನ್ನು ಕಾಲಿನಿಂದ ತಟ್ಟಿದರು. “ಎತ್ತು. ಕಲೀಬೇಕು.”

ಮನೆಗೆ ಕಾಡಿನೊಳಗಿನ ದಾರಿ. ದೋಣಿಯನ್ನು ಬೋರಲು ಮಾಡಿ ಹೆಗಲ ಮೇಲೆ ಹೊತ್ತು ನಡೆಯಬೇಕು. ಹಗುರ ದೋಣಿಯೇ, ಆದರೆ ಅರ್ಧ ದಾರಿ ಮಾತ್ರ ಹಗುರ.

ಹಿಮ ಕರಗಿದಾಗಿನಿಂದ ಅಜ್ಜಿಯ ಬಾಯಲ್ಲಿ ಇದೊಂದೇ ಮಾತು. ಸೌದೆ ತರುವಾಗ, “ಕಲೀಬೇಕು.” ಉಪ್ಪಿನಕಾಯಿ ಬಾಟಲಿ ತೆಗೆಯುವಾಗ, “ಕಲೀಬೇಕು.” ಮುಚ್ಚಳ ತಿರುಗಿಸುವುದರಲ್ಲಿ ಕಲಿಯುವುದೇನಿದೆ ಎಂದು ವಿನ್ನಿಗೆ ಅರ್ಥವಾಗಿರಲಿಲ್ಲ.

ಮರುದಿನ ಸಂಜೆ ಮತ್ತೆ ಪ್ರಾಕ್ಟೀಸ್. ಗಾಳಿ ಇರಲಿಲ್ಲ. ವಿನ್ನಿ ಹುಟ್ಟು ಹಾಕುತ್ತಾ ಕಿವಿಗೊಟ್ಟಳು.

ಚಳಕ್. ಅದು ಅವಳದು.

ಚಳಕ್. ಅದೂ ಅವಳದೇ.

ಅವಳು ಹುಟ್ಟನ್ನು ಮೇಲೆತ್ತಿ ಹಾಗೇ ಹಿಡಿದಳು. ಹಿಂದಿನಿಂದ ನೀರು ಸೀಳುವ ಸಣ್ಣ ಸದ್ದು ಮಾತ್ರ ಬಂತು. ಹುಟ್ಟನ್ನು ಸುಮ್ಮನೆ ನೀರಲ್ಲಿ ಹಿಡಿದರೆ ಬರುವ ಸದ್ದು. ದೋಣಿ ನಿಧಾನವಾಯಿತು.

“ಯಾಕೆ ನಿಲ್ಲಿಸ್ದೆ?” ಅಜ್ಜಿ ಕೇಳಿದರು.

“ನೊಣ.”

“ನೊಣಕ್ಕೆ ಹೆದರಿದ್ರೆ ಶನಿವಾರ ಗೆದ್ದ ಹಾಗೇ.”

ವಿನ್ನಿಯ ಕುತ್ತಿಗೆ ತಾನಾಗಿಯೇ ತಿರುಗಲು ಹೊರಟಿತ್ತು. ಅವಳಿಗೆ ಸೌದೆ ನೆನಪಾಯಿತು. ಉಪ್ಪಿನಕಾಯಿ ಬಾಟಲಿ ನೆನಪಾಯಿತು. ಆಮೇಲೆ ಸಿರಪ್.

ಕುತ್ತಿಗೆಯನ್ನು ನೆಟ್ಟಗೆ ಮಾಡಿಕೊಂಡು ಹುಟ್ಟನ್ನು ಮೊದಲಿಗಿಂತ ಆಳಕ್ಕೆ ಇಳಿಸಿದಳು.

ದಡ ಮುಟ್ಟಿದಾಗ ಇವರೇ ಮೊದಲು. ಸ್ವಲ್ಪ ಹೊತ್ತಿಗೆ ಟ್ರೆವರನ ದೋಣಿಯೂ ಅಡ್ಡಡ್ಡ ಬಂದು ಸೇರಿತು. ಅಜ್ಜಿ ದೂರದಲ್ಲಿ ಬೂಟಿನ ನೀರು ಚೆಲ್ಲುತ್ತಿದ್ದರು.

“ಇವತ್ತೂ ನೋಡ್ದೆ,” ಟ್ರೆವರ್ ಹತ್ತಿರ ಬಂದು ಪಿಸುಗುಟ್ಟಿದ. “ಅಂಗಡೀಲಿ ನಿಮ್ಮಮ್ಮ ಸಿಗ್ತಾರಲ್ಲ, ಹೇಳ್ಬಿಡ್ತೀನಿ.”

ಹೇಳಿದರೆ ದೋಣಿ ಗ್ಯಾರೇಜಿಗೆ. ವಿನ್ನಿ ಅಜ್ಜಿಯ ಹಾಗೇ ಮುಖದಲ್ಲಿ ಏನೂ ತೋರಿಸಲಿಲ್ಲ.

“ಹೇಳು. ಸ್ಕೂಲ್ ಬಸ್ಸಲ್ಲೂ ಹೇಳು. ಅಜ್ಜಿ ಹುಟ್ಟು ಹಾಕ್ಲಿಲ್ಲ ಅಂದ್ರೆ, ನಿಮ್ಮಿಬ್ಬರನ್ನ ಸೋಲಿಸಿದ್ದು ನಾನೊಬ್ಬಳೇ ತಾನೆ? ಅದನ್ನೂ ಸೇರಿಸಿ ಹೇಳು.”

ಟ್ರೆವರ್ ಗಸ್ ಮಾವನ ಕಡೆ ನೋಡಿದ.

“ಬಿಸಿಲು ಕಣ್ಣಿಗೆ ಹೊಡೀತಿತ್ತು,” ಎಂದ ಕೊನೆಗೆ. “ಸರಿಯಾಗಿ ಕಾಣ್ಲಿಲ್ಲ ಅನ್ಸುತ್ತೆ.”

“ನಂಗೂ ಹೊಡೀತಿತ್ತಪ್ಪ,” ಎಂದ ಗಸ್ ಮಾವ. ಅವನು ಸೊಂಟದವರೆಗೂ ನೀರಲ್ಲಿ ನಿಂತಿದ್ದ. ದೋಣಿ ಇವತ್ತೂ ಒಪ್ಪಿರಲಿಲ್ಲ.

ಅಜ್ಜಿ ಬೂಟು ಹಾಕಿಕೊಂಡು ಬಂದರು. ಬಾಯಿ ತೆರೆದರು. ಅಷ್ಟರಲ್ಲಿ ವಿನ್ನಿ ದೋಣಿಯನ್ನು ಬೋರಲು ಮಾಡಿ ಅದರಡಿ ಹೊಕ್ಕಿದ್ದಳು.

“ನಾನಿನ್ನೂ ಏನೂ ಹೇಳಿಲ್ಲ,” ಅಜ್ಜಿ ಎಂದರು.

“ಕಲ್ತೆ ಅಜ್ಜಿ.”

ಬೋರಲು ದೋಣಿಯ ಕೆಳಗಿನಿಂದ ಮುಂದಿನವರ ಮುಖ ಕಾಣುವುದಿಲ್ಲ, ಕಾಲು ಮಾತ್ರ. ಅಜ್ಜಿಯ ಬೂಟುಗಳು ಇದ್ದಲ್ಲೇ ನಿಂತಿದ್ದವು. ಆಮೇಲೆ ದಾರಿಗೆ ಅಡ್ಡ ಬಿದ್ದಿದ್ದ ಕೊಂಬೆಯೊಂದನ್ನು ಪಕ್ಕಕ್ಕೆ ಸರಿಸಿ, ನಿಧಾನವಾಗಿ ಮುಂದೆ ನಡೆದವು.

ವಿನ್ನಿ ಅವುಗಳ ಹಿಂದೆಯೇ ಹೆಜ್ಜೆಯಿಟ್ಟಳು. ಅಜ್ಜಿಯೂ ಹಿಂದೆ ತಿರುಗಲಿಲ್ಲ.